ಅಡುಗೆಮನೆಯ ಎರಡನೇ ಬಾಗಿಲು

ಚಂಪಕಮಾಲಾಳ ಅಡುಗೆಮನೆಯಲ್ಲಿ ಬಾಗಿಲು ಮೂಡಿದ ದಿನ ನಾನು ಅಲ್ಲಿಗೆ ಹೋಗಿದ್ದು ಒಂದು ಲೋಟ ಮಜ್ಜಿಗೆ ಕುಡಿಯುವ ಆಸೆಯಿಂದ. ಅವಳು ಮಜ್ಜಿಗೆ ಕೊಡಲಿಲ್ಲ. ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ತೋರಿಸಿದಳು. ನಿನ್ನೆಯವರೆಗೂ ಬರೀ ಸುಣ್ಣದ ಗೋಡೆಯಿದ್ದ ಕಡೆ ಆಳೆತ್ತರದ ಹಸಿರು ಬಾಗಿಲೊಂದು ನಿಂತಿತ್ತು. ಚೌಕಟ್ಟಿತ್ತು, ಹೊಸ್ತಿಲಿತ್ತು. ನಮ್ಮ ಕಡೆಗೆ ಚಿಲಕವಾಗಲಿ ಹಿಡಿಯಾಗಲಿ ಇರಲಿಲ್ಲ.

"ಯಾವಾಗಿಂದ?" ಎಂದೆ.

"ಹಾಲು ಕಾಯಿಸೋವಾಗ ಇರ್ಲಿಲ್ಲ ಫಿಲೂ. ಸಾರಿಗೆ ಒಗ್ಗರಣೆ ಹಾಕೋ ಹೊತ್ತಿಗೆ ಇತ್ತು."

ನಮ್ಮೂರಲ್ಲಿ ಮನೆಯ ಕಂಪ್ಯೂಟರಿಗೆ ಬಂದದ್ದು ಮನೆಗೂ ಬರುತ್ತದೆ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ಅಲ್ಲಿ ಯಂತ್ರ ಕೆಟ್ಟರೆ ಯಂತ್ರ ಮಾತ್ರ ಕೆಡುತ್ತದೆ ಎಂದು ಇಲ್ಲಿಂದ ಹೊರಗೆ ಹೋಗಿ ಬಂದವರು ಹೇಳುತ್ತಾರೆ. ನಾವು ಹುಟ್ಟಾ ಇಲ್ಲಿಯವರಾದ್ದರಿಂದ ಅದರಲ್ಲೇನೂ ಸೋಜಿಗ ಕಾಣುವುದಿಲ್ಲ. ನನ್ನ ಪಕ್ಕದ ಮನೆಯ ಕಾವೇರಮ್ಮನವರ ತಂಗಿಯ ಮಗಳ ಮದುವೆಯಲ್ಲಿ ತಾಂಬೂಲದ ಜೊತೆ ಒಂದು ಸಿಡಿ ಹಂಚಿದ್ದರು. ಅದರಲ್ಲಿ ಹಾಡುಗಳಿದ್ದವು, ದೀಪ ಉರಿಯುವ ಹಾಗೆ ಕಾಣುವ ಒಂದು ಚಿಕ್ಕ ಪ್ರೋಗ್ರಾಮೂ ಇತ್ತು. ದೀಪವನ್ನು ಒತ್ತಿ ನೋಡಿದವರ ಮನೆಯ ತೊಗರಿಬೇಳೆಯಲ್ಲೆಲ್ಲ ಕಪ್ಪು ಚುಕ್ಕೆ ಎದ್ದವು. ಆ ಬೇಳೆಯನ್ನು ಯಾರಾದರೂ ಕಡ ಒಯ್ದರೆ ಅವರ ಡಬ್ಬಕ್ಕೂ ಚುಕ್ಕೆ ಹತ್ತಿತು. ಸಿಡಿಯನ್ನು ಬೀರುವಿನಲ್ಲಿ ಹಾಗೇ ಇಟ್ಟವರಿಗೆ ಏನೂ ಆಗಲಿಲ್ಲ. ಅದು ವೈರಸ್ಸು. ಇನ್ನೊಂದು ಬೇಸಿಗೆಯಲ್ಲಿ ವರ್ಮ್ ಬಂತು. ಅದಕ್ಕೆ ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ, ಯಾರ ಕೈಯೂ ತಾಗಬೇಕಾಗಿರಲಿಲ್ಲ. ಇಂಟರ್‌ನೆಟ್ ತಂತಿ ಹೋದ ದಾರಿಯುದ್ದಕ್ಕೂ ಮನೆಯಿಂದ ಮನೆಗೆ ಗೋಡೆ ಕೊರೆದುಕೊಂಡು ಹೋಯಿತು. ಎದ್ದು ನೋಡಿದರೆ ಬೀದಿಯ ಗೋಡೆಗಳಲ್ಲೆಲ್ಲ ಬೆರಳು ತೂರುವಷ್ಟು ದೊಡ್ಡ ತೂತು. ಅಪ್‌ಡೇಟ್ ಹಾಕಿಕೊಂಡಿದ್ದ ಕೆಲವೇ ಮನೆಗಳು ಉಳಿದವು. ಜನ ಹತ್ತಿ ತುರುಕಿದರು, ಹಳೇ ಸೀರೆಯ ಚಿಂದಿ ತುರುಕಿದರು. ಆಮೇಲೆ ರೂಢಿಯಾಗಿ, ಚಿಂದಿ ತೆಗೆದು ಆ ತೂತಿನಿಂದಲೇ ಪಕ್ಕದ ಮನೆಗೆ ಸೂಜಿದಾರ ದಾಟಿಸುವುದು, ಗ್ಯಾಸ್ ಬಂತೇ ಎಂದು ವಿಚಾರಿಸುವುದು ಶುರುವಾಯಿತು.

ಬಾಗಿಲು ಮೂಡುವುದು ಟ್ರೋಜನ್ ಬಂದ ಮನೆಯಲ್ಲಿ. ಅದರ ಆಚೆ ಬದಿ ಎಲ್ಲಿಗೆ ತೆರೆದುಕೊಳ್ಳುತ್ತದೆಂದು ಈಚೆಯವರಿಗೆ ತಿಳಿಯುವುದಿಲ್ಲ. ತೆರೆಯುವ ಅಧಿಕಾರ ಕಳಿಸಿದವನದು.

ಅಪ್ಪ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಅವರ ನಂತರ ನಾನು ಕಂಪ್ಯೂಟರ್ ಕ್ಲಾಸು ಮಾಡಿಕೊಂಡಿದ್ದೆ. ಮಧ್ಯಾಹ್ನ ಮನೆಗೆಲಸ ಮುಗಿಸಿ ಹೆಂಗಸರು ಬರುತ್ತಿದ್ದರು. ಅವರಿಗೆ ಮೊದಲ ಪಾಠವಾಗಿ ಇದನ್ನೇ ಹೇಳುತ್ತಿದ್ದೆ: ವೈರಸ್ಸು ಯಾವುದಾದರೂ ವಸ್ತುವಿಗೆ ಅಂಟಿಕೊಂಡು ಬರುತ್ತದೆ, ಆ ವಸ್ತುವನ್ನು ನೀವು ತೆರೆದರೆ ಮಾತ್ರ ಜೀವ ತಳೆಯುತ್ತದೆ, ವರ್ಮಿಗೆ ನೀವೂ ಬೇಡ, ವಸ್ತುವೂ ಬೇಡ, ದಾರಿಯಿದ್ದರೆ ತಾನೇ ನಡೆದು ಬರುತ್ತದೆ, ಟ್ರೋಜನ್ ಅಂಟುವುದೂ ಇಲ್ಲ, ನಡೆಯುವುದೂ ಇಲ್ಲ, ನಿಮಗೆ ಬೇಕಾದ ವೇಷದಲ್ಲಿ ಬಂದು ಕೂರುತ್ತದೆ, ನೀವೇ ಸಂತೋಷದಿಂದ ಒಳಗೆ ಕರೆದುಕೊಳ್ಳುತ್ತೀರಿ. ಹೆಂಗಸರು ತಲೆಯಾಡಿಸುತ್ತಿದ್ದರು. ಚಂಪಕಾ ಮಾತ್ರ ಒಮ್ಮೆ ಕೇಳಿದ್ದಳು, "ಬೇಕಾದದ್ದು ಯಾವುದು, ವೇಷ ಯಾವುದು ಅಂತ ಗೊತ್ತಾಗೋದು ಹೆಂಗೆ ಟೀಚರೇ?" ಅಂಥ ಪ್ರಶ್ನೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅಂದಿನಿಂದ ನಮ್ಮ ಸ್ನೇಹ. ಕೆಲವೇ ದಿನಗಳಲ್ಲಿ ಟೀಚರ್ ಹೋಗಿ ಫಿಲೋಮಿನಾ ಆದೆ, ಆಮೇಲೆ ಫಿಲೂ ಆದೆ.

ಅವಳ ಗಂಡ ಧನಪಾಲನದು ಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ. ಊರಿನ ಅರ್ಧ ದೇವರುಗಳು, ತೀರಿಕೊಂಡ ಹಿರಿಯರೆಲ್ಲ ಅವನ ಕಟ್ಟಿನೊಳಗೇ ಇದ್ದರು. ಮೃದು ಮಾತಿನ ಮನುಷ್ಯ. ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಹೆಂಡತಿಗೆ ತಲೆನೋವೆಂದರೆ ಅಂಗಡಿ ಮುಚ್ಚಿ ಬಂದು ತಾನೇ ಗಂಜಿ ಕಾಯಿಸುವವನು. ಮಕ್ಕಳಿರಲಿಲ್ಲ. "ನಿಮ್ಮೆಜಮಾನ್ರಂಥೋರು ಸಿಗ್ಬೇಕು" ಎಂದು ಕಾವೇರಮ್ಮ ಚಂಪಕಾಳ ಎದುರಿಗೇ ಹೇಳುತ್ತಿದ್ದರು. ಚಂಪಕಾ ನಗುತ್ತಿದ್ದಳು. ಅವಳಿಗೆ ಕಸೂತಿಯಲ್ಲಿ ಕೈ ಚೆನ್ನಾಗಿತ್ತು. ರವಿಕೆಗೆ ಹೊಸ ವಿನ್ಯಾಸ ಬರೆದುಕೊಡುತ್ತಿದ್ದಳು. ಅದನ್ನು ನೋಡಿಯೇ ಧನಪಾಲ ಕಸೂತಿ ಚಿತ್ರ ಬಿಡಿಸುವ ಪ್ರೋಗ್ರಾಮಿನ ಸಿಡಿಯೊಂದನ್ನು ಬಣ್ಣದ ಕಾಗದ ಸುತ್ತಿ ತಂದುಕೊಟ್ಟ. ಅವಳು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಅದರಲ್ಲಿ ಬಳ್ಳಿ, ನವಿಲು, ಗೋಪುರ ಎಲ್ಲ ಚೆನ್ನಾಗಿಯೇ ಬರುತ್ತಿದ್ದವು. ನನಗೂ ಒಂದು ನವಿಲು ಮಾಡಿ ಕಳಿಸಿದಳು. ಅದಾದ ವಾರದೊಳಗೇ ಅಡುಗೆಮನೆಯಲ್ಲಿ ಹಸಿರು ಬಾಗಿಲು.

ಆ ದಿನ ನಾನು ಹೇಳಿದ್ದು ಒಂದೇ ಮಾತು. "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಚಂಪಾ. ಬೇರೆ ದಾರಿ ಇಲ್ಲ. ಇವತ್ತೇ ಮಾಡಿಬಿಡಣ."

ಅಷ್ಟರಲ್ಲಿ ಧನಪಾಲ ಊಟಕ್ಕೆ ಬಂದ. ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದ, ಹುಬ್ಬು ಗಂಟಿಕ್ಕಿದ. "ಎಲ್ಲಾ ಅಳಿಸೋದು ಬೇಡ ಟೀಚರೇ. ಅದ್ರಲ್ಲಿ ಇವಳ ತಾಯಿ ಹಾಡಿದ್ದೆಲ್ಲ ಇದೆ. ಅವರು ಹೋದ್ಮೇಲೆ ಇವಳಿಗೆ ಉಳಿದಿರೋದು ಅಷ್ಟೇ ಅಲ್ವಾ. ನಾನು ಆಂಟಿವೈರಸ್ ತರಿಸಿ ಹಾಕ್ತೀನಿ" ಎಂದ. ಚಂಪಕಾ ಅವನ ಮುಖ ನೋಡಿ ಕಣ್ಣು ತುಂಬಿಕೊಂಡಳು. ಅವನು ಆಂಟಿವೈರಸ್ ತರಿಸಿ, ತಾನೇ ಕೂತು ಹಾಕಿದ. ಅದು ಇಡೀ ಯಂತ್ರವನ್ನು ಜಾಲಾಡಿ, ಎಲ್ಲ ಸರಿಯಾಗಿದೆ ಎಂದು ಹಸಿರು ಗುರುತು ತೋರಿಸಿತು. ಬಾಗಿಲು ಹೋಗಲಿಲ್ಲ.

ಊರಿನ ಪುರಸಭೆಯಲ್ಲಿ ಗೋಡೆ ಇನ್‌ಸ್ಪೆಕ್ಟರ್ ಎಂದೊಬ್ಬರಿದ್ದಾರೆ, ನಾಗಭೂಷಣ ಎಂದು. ಅವರು ಬಂದರು, ಕಿವಿಗೊಟ್ಟು ಕೇಳಿದರು, ಹೊಸ್ತಿಲಿನ ಸಂದಿಗೆ ಮೂಗಿಟ್ಟರು. ಕಳಿಸಿದವರು ಯಾರೆಂದು ಗೊತ್ತಾದರೆ ಬಂದು ತಿಳಿಸಿ, ಪುರಸಭೆಯ ಖರ್ಚಿನಲ್ಲೇ ಮುಚ್ಚಿಸುತ್ತೇವೆ ಎಂದು ಕಾಫಿ ಕುಡಿದು ಹೋದರು. ಎದುರಿಗೆ ಬೀರು ಇಡಿ ಎಂದು ಯಾರೋ ಹೇಳಿದರು. ಬಾಗಿಲು ಆಚೆಗೆ ತೆರೆಯುವುದಾದರೆ ಬೀರುವಿನಿಂದ ಏನು ತಡೆ? ಆದರೂ ಅವಳು ಅಕ್ಕಿ ಡಬ್ಬವನ್ನು ಒತ್ತಿ ನಿಲ್ಲಿಸಿದಳು, ಮೇಲೆ ಒಂದು ಪರದೆ ಇಳಿಬಿಟ್ಟಳು. ಅಡುಗೆ ಮಾಡುವಾಗ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುವುದನ್ನು ಬಿಟ್ಟಳು. ಒಲೆಯನ್ನೇ ಆಚೆ ಗೋಡೆಯಿಂದ ಈಚೆ ಗೋಡೆಗೆ ಬದಲಿಸಿಕೊಂಡಳು. ಕೆಲವು ದಿನ ಅವಳು ಹೊರಗೆ ಹೋಗಿ ಬಂದು ನೋಡಿದರೆ ಡಬ್ಬ ಒಂದು ಗೇಣು ಸರಿದಿರುತ್ತಿತ್ತು. ಒಂದು ದಿನ ಅರ್ಧ ಕುಡಿದಿಟ್ಟ ನೀರಿನ ಲೋಟ ಕಟ್ಟೆಯ ಮೇಲಿತ್ತು. "ನಾನೇ ಕುಡಿದಿಟ್ಟಿದ್ನೇನೋ" ಎಂದು ಧನಪಾಲ ಸಮಾಧಾನ ಹೇಳಿದ. ಮನೆಯಲ್ಲಿ ಏನೂ ಕಳೆದಿರಲಿಲ್ಲ. ಒಂದು ಚಮಚವೂ ಕಡಿಮೆಯಾಗಿರಲಿಲ್ಲ. ಕಳೆದಿದ್ದರೆ ಪತ್ತೆ ಹಚ್ಚಲಿಕ್ಕೆ ಸುಲಭವಾಗುತ್ತಿತ್ತು.

ನನಗೆ ಆಗಲೇ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಟ್ರೋಜನ್ ತಂದವರನ್ನು ಯಾರೂ ಅನುಮಾನಿಸುವುದಿಲ್ಲ; ತಂದವರೂ ಮೋಸ ಹೋಗಿರುತ್ತಾರೆ ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡೆ. ಆ ಸಿಡಿ ಮಾರಿದ ಯಾವನೋ ದೂರದ ಕಳ್ಳನನ್ನು ಮನಸ್ಸಿನಲ್ಲಿ ಬೈದುಕೊಂಡೆ.

ಆ ವರ್ಷ ಪಕ್ಕದ ಊರಿನ ಶಿಶುವಿಹಾರದಲ್ಲಿ ಟೀಚರ್ ಕೆಲಸ ಖಾಲಿಯಾಯಿತು. ಚಂಪಕಾ ಮದುವೆಗೆ ಮುಂಚೆ ಆ ತರಬೇತಿ ಮುಗಿಸಿದ್ದಳು. ಅರ್ಜಿ ಹಾಕು ಎಂದು ನಾನು ಬೆನ್ನು ಹತ್ತಿದೆ. ಅವಳಿಗೂ ಆಸೆ, ಹೆದರಿಕೆಯೂ ಅಷ್ಟೇ. ಗಂಡನಿಗೆ ಕೆಲಸ ಸಿಕ್ಕ ಮೇಲೆ ಹೇಳುತ್ತೇನೆ, ಸಿಗದಿದ್ದರೆ ಹೇಳುವ ಮಾತೇ ಇಲ್ಲವಲ್ಲ ಎಂದಳು. ಮನೆಯಲ್ಲಿ ಬಾಗಿಲಿರುವುದರಿಂದ ಬಾಯಿಬಿಟ್ಟು ಮಾತಾಡುವುದು ಬೇಡ ಎಂದು ಎಲ್ಲವನ್ನೂ ನಾವು ಚಾಟಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಅವಳು ಅಲ್ಲಿ ಮುಂದಿನ ಕೋಣೆಯಲ್ಲಿ ಕೂತು, ನಾನು ಇಲ್ಲಿ ಕ್ಲಾಸಿನಲ್ಲಿ ಕೂತು. ಆಂಟಿವೈರಸ್ ತೋರಿಸಿದ ಹಸಿರು ಗುರುತನ್ನು ನಂಬಿ, ಅದೇ ಜಾಣತನವೆಂದು ನಾವಿಬ್ಬರೂ ತಿಳಿದಿದ್ದೆವು. ಯಾವ ಸೀರೆ ಉಡುವುದು, ಯಾವ ಬಸ್ಸು ಹಿಡಿಯುವುದು, ಮಕ್ಕಳು ಅಳುವಾಗ ಏನು ಮಾಡುತ್ತೀರಿ ಎಂದು ಕೇಳಿದರೆ ಏನು ಹೇಳುವುದು, ಎಲ್ಲ ಬರೆದಳು. ಸಂದರ್ಶನಕ್ಕೆ ಕರೆದಿದ್ದ ಕಚೇರಿ ಮೂರನೇ ಮಹಡಿಯಲ್ಲಿದೆಯಂತೆ, ನನ್ನ ಮಂಡಿ ಕಟಕಟ ಅನ್ನುತ್ತದೆ, ನಗಬೇಡ ಎಂದೂ ಬರೆದಳು. ಅಲ್ಲೊಂದು ಬಾಡಿಗೆ ಕೋಣೆ ಸಿಕ್ಕರೆ ಗೋಡೆ ತುಂಬ ನವಿಲು ಬಿಡಿಸುತ್ತೇನೆ ಎಂದು ಬರೆದದ್ದು ನನಗೆ ಈಗಲೂ ನೆನಪಿದೆ.

ಸಂದರ್ಶನದ ದಿನ ಬೆಳಗಾಗುತ್ತಲೇ ಧನಪಾಲ ಹಾಸಿಗೆಯ ಮೇಲೆ ಎದ್ದು ಕೂತು ಎದೆ ಹಿಡಿದುಕೊಂಡ. "ಎದೆ ಒತ್ತಿದಂಗೆ ಆಗ್ತಿದೆ. ನೀನು ಎಲ್ಲೂ ಹೋಗ್ಬೇಡ, ಪಕ್ಕದಲ್ಲಿರು" ಎಂದ. ಡಾಕ್ಟರು ಬೇಡವೆಂದ. ಅವಳು ಅವನ ಅಂಗಾಲು ಉಜ್ಜುತ್ತಾ ಕೂತಳು. ಬಸ್ಸು ಹೋದ ಮೇಲೆ ಅವನಿಗೆ ಹಸಿವಾಯಿತು, ಉಪ್ಪಿಟ್ಟು ಕೇಳಿದ. ಇದರಲ್ಲಿ ಅವಳಿಗೆ ಯಾವ ಅನುಮಾನವೂ ಬರಲಿಲ್ಲ. ಹಣೆಬರಹ ಎಂದು ನನಗೆ ಬರೆದಳು, ಅಷ್ಟೇ.

ಅನುಮಾನ ಬಂದದ್ದು ಆಮೇಲೆ, ಒಂದು ಸಂಜೆ ಊಟಕ್ಕೆ ಕೂತಾಗ. ಏನೋ ಮಾತಿಗೆ ಮಾತು ಬಂದು ಅವನು ಮಜ್ಜಿಗೆ ಕಲಸಿಕೊಳ್ಳುತ್ತಾ ಅಂದ: "ಹೋಗಿದ್ರೂ ಅಷ್ಟೇ ಬಿಡು. ಮೂರನೇ ಮಹಡಿ ಹತ್ತೋದು ನಿನ್ನ ಮಂಡಿಗೆ ಎಲ್ಲಾಗುತ್ತೆ." ಅವಳು ಬಡಿಸುತ್ತಿದ್ದ ಕೈ ಅಲ್ಲೇ ನಿಂತಿತು. ಎಲ್ಲಿಗೆ ಹೋಗಿದ್ದರೆ ಎಂದು ಕೇಳಲಿಲ್ಲ. ಅವನೂ ಬಿಡಿಸಿ ಹೇಳಲಿಲ್ಲ, ಉಪ್ಪಿನಕಾಯಿ ಕೇಳಿದ.

ಮಾರನೆಯ ಮಧ್ಯಾಹ್ನ ಅವಳು ನನ್ನ ಕ್ಲಾಸಿಗೆ ಬಂದಳು. ಹೆಂಗಸರೆಲ್ಲ ಕೂತಿದ್ದರು. ಅವಳು ಕೂರಲಿಲ್ಲ.

"ನಾನು ನಿನಗೊಬ್ಳಿಗೇ ಹೇಳಿದ್ದು ಫಿಲೂ."

"ಏನಾಯ್ತು?"

"ಕೆಲಸದ ವಿಷಯ. ಮಹಡಿ ವಿಷಯ. ನನ್ನ ಮಂಡಿ ವಿಷಯ. ನಮ್ಮನೆಯವ್ರಿಗೆ ಎಲ್ಲಾ ಗೊತ್ತು."

"ನಾನು ಯಾರಿಗೂ ಹೇಳಿಲ್ಲ ಚಂಪಾ. ದೇವರಾಣೆ."

"ಹಾಗಾದ್ರೆ ಗೋಡೆ ಹೇಳ್ತಾ?"

ಬಾಗಿಲ ಆಚೆಯವರು ಯಾರೋ ಓದಿರಬೇಕು ಎಂದು ಹೇಳಹೊರಟೆ. ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಆ ಬಾಗಿಲನ್ನ ಇಟ್ಟೋರು ಯಾರು? ಈ ವಿದ್ಯೆ ಈ ಊರಲ್ಲಿ ಬಲ್ಲೋಳು ನೀನೊಬ್ಳೇ. ಬಾಗಿಲು ಬಂದ ದಿನ ಕರೆದಂಗೆ ಬಂದು ನಿಂತಿದ್ದೂ ನೀನೇ." ಅವಳ ದನಿ ಏರಲಿಲ್ಲ. ತಾನು ಹೇಳುತ್ತಿರುವುದನ್ನು ತಾನೇ ನಂಬಲಾರದವಳ ಹಾಗೆ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ನಂತರ ಹೊರಟುಹೋದಳು. ಚಪ್ಪಲಿ ಮೆಟ್ಟುವಾಗ ಒಂದು ಕಾಲಿನದು ಇನ್ನೊಂದಕ್ಕೆ ಹಾಕಿಕೊಂಡು, ಮತ್ತೆ ಬಿಚ್ಚಿ ಸರಿಮಾಡಿಕೊಂಡಳು. ಹೆಂಗಸರೆಲ್ಲ ಅದನ್ನು ನೋಡುತ್ತಾ ಕೂತಿದ್ದರು.

ಆ ಮೇಲೆ ನನ್ನ ಕ್ಲಾಸು ಒಣಗಿತು. ಒಬ್ಬಳಿಗೆ ನೆಂಟರು ಬಂದರು, ಒಬ್ಬಳಿಗೆ ಕಣ್ಣುನೋವು, ಒಬ್ಬಳು ಕಾರಣವನ್ನೂ ಹೇಳಲಿಲ್ಲ. ಬಾಗಿಲು ಕಳಿಸುವವಳ ಹತ್ತಿರ ಯಾರು ಪಾಠ ಕಲಿಯುತ್ತಾರೆ? ಯಾರ ಮನೆಯ ಮುಂದೆ ಹಾದರೂ ಕಂಪ್ಯೂಟರಿನ ಮೇಲೆ ಟವೆಲ್ ಎಳೆಯುವುದು ಕಿಟಕಿಯಿಂದ ಕಾಣುತ್ತಿತ್ತು. ನನ್ನ ಮನೆಗೂ ಕಾವೇರಮ್ಮನವರ ಮನೆಗೂ ನಡುವೆ ವರ್ಮ್ ಕೊರೆದ ತೂತಿತ್ತು; ಅದರಿಂದ ನಾವು ವರ್ಷಗಟ್ಟಲೆ ಮಾತಾಡಿಕೊಂಡಿದ್ದೆವು. ಒಂದು ಬೆಳಿಗ್ಗೆ ಚಿಂದಿ ತೆಗೆದು ನೋಡಿದರೆ ಆಚೆ ಕಡೆಯಿಂದ ಸಿಮೆಂಟು ತುಂಬಿತ್ತು, ಇನ್ನೂ ಹಸಿಯಾಗಿತ್ತು. ಧನಪಾಲ ಮಾತ್ರ ಬೀದಿಯಲ್ಲಿ ಸಿಕ್ಕಾಗಲೆಲ್ಲ ಕೈಮುಗಿಯುತ್ತಿದ್ದ. "ಅವಳದ್ದು ಮನಸ್ಸಿಗೆ ಹಚ್ಕೋಬೇಡಿ ಟೀಚರೇ. ಸ್ವಲ್ಪ ದಿನ ಬಿಡಿ, ಸರಿಹೋಗ್ತಾಳೆ" ಎನ್ನುತ್ತಿದ್ದ. ಊರಿನಲ್ಲಿ ನನ್ನ ಜೊತೆ ಚೆನ್ನಾಗಿ ಮಾತಾಡುವವನು ಇವನೊಬ್ಬ ಉಳಿದ ಎಂದು ನನಗೆ ಕೃತಜ್ಞತೆ ಬೇರೆ.

ಚಳಿಗಾಲ ಹಾಗೇ ಹೋಯಿತು. ಚಂಪಕಾ ಮನೆಯಿಂದ ಹೊರಗೆ ಬರುವುದು ಕಡಿಮೆಯಾಯಿತು. ಚಾಟ್ ಮಾಡಲು ಯಾರೂ ಇರಲಿಲ್ಲ, ಕಸೂತಿಯನ್ನೂ ಬಿಟ್ಟಳು. ಗಂಡ ಮಧ್ಯಾಹ್ನದ ಊಟಕ್ಕೆ ಬಂದು, ಸಂಜೆ ಬೇಗ ಬಂದು ಅವಳ ಜೊತೆ ಕೂರುತ್ತಿದ್ದ. ಅವನನ್ನು ಬಿಟ್ಟರೆ ಅವಳಿಗೆ ಬೇರೆ ಮನುಷ್ಯರ ಮುಖ ಕಾಣುತ್ತಿರಲಿಲ್ಲ. ಬೀದಿಯವರು ಅದನ್ನೂ ಹೊಗಳಿದರು.

ಒಂದು ದಿನ ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿದ್ದಳಂತೆ. ಪರದೆ ಅಲ್ಲಾಡಿತು. ಫ್ಯಾನ್ ಹಾಕಿರಲಿಲ್ಲ. ಎದ್ದು ಪರದೆ ಸರಿಸಿದರೆ ಹಸಿರು ಬಾಗಿಲು ಕೂದಲೆಳೆಯಷ್ಟು ತೆರೆದುಕೊಂಡಿತ್ತು. ಆಚೆಯವರು ಸರಿಯಾಗಿ ಮುಚ್ಚಿರಲಿಲ್ಲ. ಆ ಸಂದಿಯಿಂದ ಒಬ್ಬ ಹೆಂಗಸಿನ ಮಾತು ಕೇಳಿಸಿತು: "ನಮ್ಮತ್ತೆ ಫೋಟೋಗೆ ಇಷ್ಟು ಸಣ್ಣ ಪಟ್ಟಿ ಸಾಕಾ? ಸ್ವಲ್ಪ ಅಗಲದ್ದು ತೋರ್ಸಿ." ಅದಕ್ಕೆ ಉತ್ತರ ಬಂತು: "ಅಗಲದ್ದು ಹಾಕಿದ್ರೆ ಮುಖ ಚಿಕ್ಕದಾಗಿ ಕಾಣುತ್ತಮ್ಮ. ಇದೇ ಲಕ್ಷಣವಾಗಿರುತ್ತೆ, ನನ್ನ ಮಾತು ಕೇಳಿ." ಗಾಜು ಕೊಯ್ಯುವ ಕಿರ್ರೆಂಬ ಸದ್ದು. ಪಾಲಿಶಿನ ವಾಸನೆ. ಆ ಮೆತ್ತಗಿನ ದನಿಯನ್ನು ಅವಳು ಮದುವೆಯಾದಾಗಿನಿಂದ ದಿನಾ ಕೇಳುತ್ತಿದ್ದಳು.

ಅವಳು ನೆಲದ ಮೇಲೆ ಕೂತಳು. ಗಿರಾಕಿ ಹೋಗುವವರೆಗೂ ಕೇಳಿದಳು. ಆಮೇಲೆ ಆಚೆಯಿಂದ ಕೀಲಿಮಣೆ ಒತ್ತುವ ಸದ್ದು, ಒಂದು ಆಕಳಿಕೆ. ಮುಂದಿನ ಕೋಣೆಯಲ್ಲಿ ಅವಳ ಕಂಪ್ಯೂಟರಿನ ಪುಟ್ಟ ದೀಪ ಮಿನುಗತೊಡಗಿದ್ದು ಕೂತಲ್ಲಿಂದಲೇ ಕಾಣುತ್ತಿತ್ತು. ಅವಳು ಎದ್ದು, ಸೋಸಿದ ಹುರುಳಿಕಾಯಿಯನ್ನು ಪಾತ್ರೆಗೆ ಹಾಕಿ ಮುಚ್ಚಿ, ಮುಖ ತೊಳೆದು ಪುರಸಭೆಗೆ ಹೋದಳು.

ನಾಗಭೂಷಣ ಗೌರವದಿಂದಲೇ ಕುರ್ಚಿ ಕೊಟ್ಟರು. ಕೇಳಿ ಮುಗಿಸಿ ನಕ್ಕರು. "ಅಷ್ಟೇ ತಾನೆ? ನಾನು ಯಾರೋ ಕಳ್ಳ ಅಂದ್ಕೊಂಡಿದ್ದೆ. ಇದು ನಮ್ಮ ಲೆಕ್ಕಕ್ಕೆ ಬರಲ್ಲ ತಾಯಿ. ಮನೆಯೋರೇ ಇಟ್ಕೊಂಡ ಬಾಗಿಲು ಮನೆ ಒಳಗಿನ ಬಾಗಿಲು. ರೂಮಿಂದ ರೂಮಿಗೆ ಹೋದಂಗೆ. ಇದನ್ನ ಮುಚ್ಚೋಕೆ ನಮಗೆ ಅಧಿಕಾರವಿಲ್ಲ."

"ನನಗೆ ಗೊತ್ತಿಲ್ದೆ ಇಟ್ಟಿದಾರೆ ಸಾರ್."

"ಈಗ ಗೊತ್ತಾಯ್ತಲ್ಲ" ಎಂದರು.

ಅಲ್ಲಿಂದ ಕಾವೇರಮ್ಮನವರ ಮನೆಗೆ ಹೋದಳು. ಅವರು ಇಡೀ ಕಥೆ ಕೇಳಿ, "ಪರರು ನೋಡಿಲ್ವಲ್ಲ, ಪುಣ್ಯ" ಎಂದರು. "ಗಂಡ ತಾನೆ. ನಿನ್ನ ಮೇಲೆ ಜೀವ ಇಟ್ಕೊಂಡಿರೋದಕ್ಕೆ ಹಿಂಗೆ ಮಾಡಿದಾನೆ. ನಮ್ಮೋರು ನಾನು ಬದುಕಿದೀನೋ ಸತ್ತಿದೀನೋ ಅಂತಾನೂ ತಿರುಗಿ ನೋಡ್ಲಿಲ್ಲ." ಚಂಪಕಾ ಕೇಳಿದಳು, "ನಿಮಗೆ ಮುಂಚೇನೇ ಅನುಮಾನ ಇತ್ತಾ?" ಕಾವೇರಮ್ಮ ಸೆರಗು ಸರಿಮಾಡಿಕೊಳ್ಳುತ್ತಾ, "ಯಾರಿಗಿಲ್ಲ ಹೇಳು. ಹೇಳಿ ನಿಷ್ಠುರ ಯಾಕೆ ಅಂತ" ಎಂದರು.

ಹೀಗೆ ಎಲ್ಲ ಕಡೆ ಹೋಗಿ ಕೊನೆಗೆ ಅವಳು ನನ್ನ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ನಾನು ಬಾಗಿಲು ತೆರೆದಾಗ ಎದ್ದು ನಿಲ್ಲಲಿಲ್ಲ. ನಡೆದದ್ದನ್ನೆಲ್ಲ ರಸ್ತೆ ನೋಡುತ್ತಾ ಹೇಳಿದಳು. ನಾನು ಈವರೆಗೆ ಹೇಳಿದ್ದರಲ್ಲಿ ಅರ್ಧಕ್ಕರ್ಧ ಆಗ ಅವಳಿಂದ ಕೇಳಿದ್ದೇ. ಕ್ಷಮಿಸು ಎನ್ನಲಿಲ್ಲ. ನನಗೆ ಆ ಮಾತು ಬೇಕಾಗಿತ್ತು. ಬಾಯಿತುದಿಗೆ ಎಷ್ಟೋ ಬಂದವು: ಖಾಲಿ ಕುರ್ಚಿಗಳನ್ನು ತೋರಿಸಬೇಕು, ಸಿಮೆಂಟು ಮೆತ್ತಿದ ತೂತನ್ನು ತೋರಿಸಬೇಕು ಎನಿಸಿತು. ಅವಳ ಬೆರಳುಗಳಲ್ಲಿ ಹುರುಳಿಕಾಯಿಯ ನಾರು ಇನ್ನೂ ಅಂಟಿಕೊಂಡಿತ್ತು.

"ಅಳಿಸೋಕೆ ಎಷ್ಟು ಹೊತ್ತು ಬೇಕು?" ಎಂದಳು.

ಅವಳ ಮನೆಗೆ ಹೋಗಿ ಮೊದಲು ಇಂಟರ್‌ನೆಟ್ ತಂತಿಯನ್ನು ಕಿತ್ತೆ. ಆಮೇಲೆ ಆಂಟಿವೈರಸ್ ತೆರೆದು ನೋಡಿದೆ. ಅದಕ್ಕೆ ಕಣ್ಣಿರಲಿಲ್ಲ ಎಂದಲ್ಲ. ಕಸೂತಿ ಪ್ರೋಗ್ರಾಮನ್ನು ಮುಟ್ಟಬೇಡ, ಅದನ್ನು ಬಿಟ್ಟು ಉಳಿದದ್ದನ್ನು ಹುಡುಕು ಎಂದು ಅವನು ಹಾಕುವಾಗಲೇ ಅಪ್ಪಣೆ ಮಾಡಿದ್ದ. ನವಿಲುಗಳ ಹಿಂದೆಯೇ ಅದು ಕೂತಿತ್ತು. ಅವಳು ಒತ್ತಿದ ಪ್ರತಿ ಅಕ್ಷರವೂ ಅಂಗಡಿಗೆ ಹೋಗುತ್ತಿತ್ತು. ನಾನು ಅವಳಿಗೆ ತೋರಿಸಿದೆ. ಅವಳು ಪಾಠ ಕೇಳುವ ಹಾಗೆ ಬಗ್ಗಿ ನೋಡಿ, "ಇದೇನಾ?" ಎಂದಳು. "ಇಷ್ಟೇನಾ?"

"ಅಮ್ಮನ ಹಾಡುಗಳನ್ನ ಬೇರೆ ತೆಗೆದಿಡ್ತೀನಿ. ನನ್ನ ಹತ್ರ ಒಂದು ಹಳೇ ಮೆಷಿನ್ ಇದೆ, ಅದ್ರಲ್ಲಿ ಪರೀಕ್ಷೆ ಮಾಡಿ ಕೊಡ್ತೀನಿ. ಹಾಡಿನಲ್ಲಿ ಏನೂ ಇರಲ್ಲ ಚಂಪಾ."

"ಬೇಡ" ಎಂದಳು.

"ಹುಚ್ಚಿ ಥರ ಆಡಬೇಡ."

"ಅವನ್ನೂ ಅವರು ಕೇಳಿದಾರೆ. ನಾನು ಒಬ್ಳೇ ಕೂತು ಅಮ್ಮನ ಹಾಡು ಹಾಕ್ಕೊಂಡು ಅಳೋವಾಗ ಆ ಕಡೆಯಿಂದ ಕೇಳಿದಾರೆ. ಸಂಜೆ ಬಂದು, ಇವತ್ತು ಅಮ್ಮ ನೆನಪಾದ್ರಾ ಅಂತ ತಲೆ ಸವರ್ತಿದ್ರು. ಎಷ್ಟು ಅರ್ಥ ಮಾಡ್ಕೋತಾರೆ ಅಂದ್ಕೋತಿದ್ದೆ ನಾನು."

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಅಳಿಸುವ ಗುಂಡಿಯನ್ನು ಅವಳೇ ಒತ್ತಿದಳು.

ನೀಲಿ ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ನಾವು ಅಡುಗೆಮನೆಗೆ ಹೋಗಿ ನಿಂತೆವು. ಬಾಗಿಲಿನ ಹಸಿರು ಮಾಸತೊಡಗಿತ್ತು. ಕೀಲುಗಳು ಆಗಲೇ ಸುಣ್ಣದೊಳಗೆ ಮುಳುಗಿದ್ದವು. ಅಂಗಡಿಯಲ್ಲಿ ಅವನ ಕಂಪ್ಯೂಟರಿನ ಪರದೆ ಕಪ್ಪಾಗಿರಬೇಕು. ಆಚೆಯಿಂದ ಬಡಿಯುವ ಸದ್ದಾಯಿತು. ತನ್ನದೇ ಬಾಗಿಲನ್ನು ಅವನು ಬಡಿಯುತ್ತಿದ್ದ.

"ಚಂಪಾ? ಏನ್ ಮಾಡ್ತಿದೀಯ? ಟೀಚರ್ ಅಲ್ಲಿದಾರಾ?"

ಅವಳು ಇಳಿಬಿಟ್ಟಿದ್ದ ಪರದೆಯನ್ನು ಕಿತ್ತು ಮಡಚತೊಡಗಿದಳು.

"ಟೀಚರೇ, ಗಂಡ ಹೆಂಡ್ತಿ ಮಧ್ಯೆ ನೀವು ಬರಬಾರದು. ಚಂಪಾ, ನಾನೇನು ಕದ್ದೆನಾ? ಒಂದು ಚಮಚ ಕಮ್ಮಿಯಾಗಿದ್ಯಾ ಮನೇಲಿ? ನೀನು ಒಬ್ಳೇ ಇರ್ತೀಯ ಅಂತ ಇಟ್ಟಿದ್ದು. ಕೆಲಸಕ್ಕೆ ಅಂತ ಬಿಟ್ಟುಹೋಗ್ತಿದ್ಯಲ್ಲ, ಕೋಣೆ ಹುಡುಕ್ತಿದ್ಯಲ್ಲ, ನಾನು ಒಂದು ದಿನ ಜೋರಾಗಿ ಕೇಳಿದ್ನಾ ನಿನ್ನ?" ದನಿ ಈಗಲೂ ಏರಿರಲಿಲ್ಲ. ಗೋಡೆ ದಪ್ಪವಾಗುತ್ತಾ ಹೋದ ಹಾಗೆ ಮಾತುಗಳು ಸಣ್ಣಗಾದವು. ಕೊನೆಗೆ ಹೆಸರು ಮಾತ್ರ ಕೇಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಚಂಪಕಾ ಹೋಗಿ ಅಂಗೈಯಿಂದ ಗೋಡೆಯನ್ನು ಮುಟ್ಟಿ ನೋಡಿದಳು. ಸುಣ್ಣ ತಣ್ಣಗಿತ್ತು. ಕೈಗೆ ಹತ್ತಿದ ಬಿಳಿಯನ್ನು ಸೀರೆಗೆ ಒರೆಸಿಕೊಂಡು, "ನೀನು ಹೊರಡು ಫಿಲೂ, ಅವರು ಬರೋ ಹೊತ್ತಾಯ್ತು" ಎಂದಳು.

"ನನ್ನ ಜೊತೆ ಬಾ" ಎಂದೆ.

"ಬಂದು?"

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಎರಡು ಕೋಣೆಯ ಮನೆ, ಖಾಲಿ ಕುರ್ಚಿಗಳು, ಒಬ್ಬಳೇ ಇರುವವಳು ನಾನು. ಇನ್ನೊಂದು ಶಿಶುವಿಹಾರ, ಇನ್ನೊಂದು ಅರ್ಜಿ. ಎಲ್ಲವನ್ನೂ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿದಳು, ಮತ್ತೆ ಹುರುಳಿಕಾಯಿಯ ಪಾತ್ರೆಯ ಮುಚ್ಚಳ ತೆಗೆದಳು.

ಧನಪಾಲ ಆ ಸಂಜೆ ಮುಂಬಾಗಿಲಿನಿಂದಲೇ ಬಂದನಂತೆ. ಕೈಕಾಲು ತೊಳೆದು ಊಟಕ್ಕೆ ಕೂತನಂತೆ. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಬೀದಿಯವರು ಅವನ ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಇನ್‌ಸ್ಪೆಕ್ಟರ್ ನಾಗಭೂಷಣ ತಮ್ಮ ತಂದೆಯ ಫೋಟೋಗೆ ಅಲ್ಲೇ ಕಟ್ಟು ಹಾಕಿಸಿದರು. ಆ ಬಾಗಿಲನ್ನು ಇಟ್ಟವಳು ನಾನಲ್ಲ ಎಂದು ಎಲ್ಲರಿಗೂ ತಿಳಿಯಿತು. ಆದರೆ ಮುಚ್ಚಿದವಳು ನಾನು ಎಂಬುದೂ ತಿಳಿಯಿತು, ಅದು ಮೊದಲನೆಯದಕ್ಕಿಂತ ದೊಡ್ಡ ತಪ್ಪಾಯಿತು. ಒಂದು ಸಂಸಾರದೊಳಗೆ ಕೈಹಾಕಿದವಳು ಎಂದು ಕಾವೇರಮ್ಮ ಅಂದರಂತೆ. ಕ್ಲಾಸಿಗೆ ಯಾರೂ ತಿರುಗಿ ಬರಲಿಲ್ಲ. ಕುರ್ಚಿಗಳನ್ನು ಮದುವೆ ಛತ್ರದವರು ತೆಗೆದುಕೊಂಡು ಹೋದರು.

ಚಂಪಕಾ ಬಂದದ್ದು ಯುಗಾದಿ ಕಳೆದ ಮೇಲೆ. ತಾನಾಗಿಯೇ ಬಂದಳು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಫಿಗೆ ಸಕ್ಕರೆ ಎರಡು ಸಲ ಹಾಕಿದೆ. ಅವಳು ಕುಡಿದು ಚೆನ್ನಾಗಿದೆ ಎಂದಳು. ಮಾತಾಡುವಾಗ ದನಿಯನ್ನು ಗಂಟಲಲ್ಲೇ ಹಿಡಿದಿಡುತ್ತಿದ್ದಳು. ಒಂದು ವಾಕ್ಯ ಮುಗಿಸಿದ ಮೇಲೆ ನನ್ನ ಗೋಡೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ಇಲ್ಲಿ ಯಾರೂ ಇಲ್ಲ ಚಂಪಾ. ಯಾವ ಬಾಗಿಲೂ ಇಲ್ಲ" ಎಂದೆ.

"ಗೊತ್ತು."

ಲೋಟ ಕೆಳಗಿಟ್ಟು ಅವಳು ಕೇಳಿದಳು, "ಅಲ್ಲ ಫಿಲೂ, ಆಗ ನಾವು ಅಷ್ಟೊಂದು ಏನು ಮಾತಾಡ್ತಿದ್ವಿ?"

ನಾನು ನೆನಪು ಮಾಡಿಕೊಂಡು ಹೇಳಿದೆ. ಬಸ್ಸಿನ ವಿಷಯ, ಸೀರೆಯ ವಿಷಯ, ಅಳುವ ಮಕ್ಕಳಿಗೆ ಅವಳು ಏನು ಮಾಡುತ್ತೇನೆಂದಿದ್ದಳು ಎಂಬ ವಿಷಯ. ಅವಳು ಬೇರೆ ಯಾರದೋ ಸಮಾಚಾರ ಕೇಳುವವಳ ಹಾಗೆ ಗಮನವಿಟ್ಟು ಕೇಳಿದಳು, ಒಂದೆರಡು ಕಡೆ ನಕ್ಕಳು. "ಹೌದಾ? ಹಂಗಂದಿದ್ನಾ?" ಎಂದಳು. ನಾನು ಹೇಳುತ್ತಾ ಹೋದೆ. ಅವಳು ಲೋಟವನ್ನು ತೊಳೆಯಲು ಒಯ್ಯುತ್ತಾ, ಅನ್ನಕ್ಕಿಡಬೇಕು, ಹೊರಡುತ್ತೇನೆ ಎಂದಳು.